ಲೇಬಲಪ್ಪನ ಸೋಡಿಯಂ ಕ್ಲೋರೈಡ್

ಟಕ್.

ಮನೆಯೆಲ್ಲ ಮಲಗಿದ ಮೇಲೆ ಕೇಳಿಬಂದ ಆ ಸದ್ದು ತೀರ ಸಣ್ಣದು. ಹಲ್ಲಿ ಲೊಚಗುಟ್ಟಿದರೂ ಅದಕ್ಕಿಂತ ಜೋರಾಗಿರುತ್ತದೆ. ಆದರೆ ಅದನ್ನು ಮಾಡಿದವನ ಕಿವಿಗೆ ಮಾತ್ರ ಅದು ಬಾಗಿಲು ಮುರಿದು ಬಿದ್ದಂತೆ ಕೇಳಿಸಿತು.

"ರೀ, ಏನದು ಸದ್ದು?" ಒಳಕೋಣೆಯಿಂದ ಹೆಂಡತಿಯ ನಿದ್ದೆಗಣ್ಣಿನ ದನಿ.

"ಏನಿಲ್ಲ ಕಣೇ. ನೀರು ಕುಡಿಯೋಕೆ ಎದ್ದೆ."

"ಮಲಗೋ ಮುಂಚೆ ಕುಡಿದ್ರಲ್ಲ?"

"ಮತ್ತೆ ಬಾಯಾರಿಕೆ ಆಯ್ತು."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅವನಿಗೆ ಬಾಯಾರಿದ್ದು ನಿಜ. ಯಾಕೆ ಬಾಯಾರಿತು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಕತ್ತಲಲ್ಲಿ ಚಪ್ಪಲಿ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಅರ್ಧ ಸೌತೆಕಾಯಿ, ಇನ್ನೊಂದರಲ್ಲಿ ಗಾಜಿನ ಬಾಟಲಿ ಹಿಡಿದಿರುವ ಗಂಡಸು ತಾನಾಗಿ ವಿವರ ಕೊಡಲು ಹೋಗುವುದಿಲ್ಲ.

ಅವನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಇಡೀ ಕಟ್ಟಡ ಅವನನ್ನು ಕರೆಯುತ್ತಿದ್ದದ್ದು ಲೇಬಲಪ್ಪ ಎಂದೇ. ಲೇಬಲ್ ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ಅವನ ಕೆಲಸ. ಕೆಮ್ಮಿನ ಔಷಧಿ, ನೆಲ ಒರೆಸುವ ದ್ರಾವಣ, ಬಿಸ್ಕತ್ತು, ಬೂಟಿನ ಪಾಲಿಶ್ ಇವುಗಳ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಓದಿ ಅವನಿಗೆ ಪೊಟ್ಟಣದ ಬೆನ್ನಿನ ಭಾಷೆಯೇ ಮಾತೃಭಾಷೆಯಾಗಿಬಿಟ್ಟಿತ್ತು. ಎದುರು ಮನೆಯ ಟೈಲರ್ ಅಕ್ಕ ಒಮ್ಮೆ ಕಾಫಿಗೆ ಬಂದಾಗ, "ಸುಕ್ರೋಸ್ ಎಷ್ಟು ಹಾಕ್ಲಿ?" ಎಂದು ಕೇಳಿದ್ದ. ಆಕೆ ಗಾಬರಿಯಿಂದ, "ಅಯ್ಯೋ, ಅದೆಲ್ಲ ಏನೂ ಬೇಡಪ್ಪ, ಒಂದು ಚಮಚ ಸಕ್ಕರೆ ಇದ್ರೆ ಸಾಕು" ಎಂದಿದ್ದರು.

ಇಂಥವನಿಗೆ ರಕ್ತದೊತ್ತಡ ಬಂತು. ಡಾಕ್ಟರು ಹೇಳಿದ್ದು ಒಂದೇ ಮಾತು: "ಉಪ್ಪು ಸ್ವಲ್ಪ ಕಡಿಮೆ ಮಾಡಿ." ಆ ಮಾತನ್ನು ಅವನು ಇದ್ದ ಹಾಗೇ ಮನೆಗೆ ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೆಟ್ಟಿಲ ಮೇಲೆ ಟೈಲರ್ ಅಕ್ಕ ಎದುರಾಗಿ, "ಏನಂದ್ರು ಡಾಕ್ಟ್ರು?" ಎಂದರು. ಅವರ ಹಿಂದೆ ಮೇಲಿನ ಮನೆಯ ಫೈರ್ ಸಾಹೇಬರೂ ನಿಂತಿದ್ದರು. ಇಬ್ಬರು ಕೇಳುಗರ ಮುಂದೆ 'ಸ್ವಲ್ಪ ಕಡಿಮೆ' ಎನ್ನುವುದು ಅವನಿಗೆ ತೀರ ಬಡಕಲಾಗಿ ಕಂಡಿತು.

"ಉಪ್ಪನ್ನೇ ಬಿಟ್ಟೆ," ಎಂದುಬಿಟ್ಟ. "ಇವತ್ತಿಂದ, ಪೂರ್ತಿ."

ಬಿಟ್ಟದ್ದು ಬಾಯಿ, ಸಿಕ್ಕಿಬಿದ್ದದ್ದು ನಾಲಿಗೆ. ಅವನ ಹೆಂಡತಿ ಮಾತಿಗೆ ಬೆಲೆ ಕೊಡುವ ಹೆಂಗಸು. ಗಂಡನ ಶಪಥ ಕೇಳಿದ್ದೇ ತಡ, "ನಿಮಗಿಲ್ಲದ ಉಪ್ಪು ನನಗ್ಯಾಕೆ?" ಎಂದು ಉಪ್ಪಿನ ಡಬ್ಬಿಯನ್ನು ಸಿಂಕಿಗೆ ಕವುಚಿ, ತೊಳೆದು, ಅದರಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ತುಂಬಿಟ್ಟಳು. ಅವರ ಜೊತೆಯಲ್ಲೇ ಇದ್ದ ಅವನ ಅತ್ತೆಯನ್ನು ಯಾರೂ ಕೇಳಲಿಲ್ಲ. ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಮೈ. ಅವರು ತಮ್ಮ ಹೆಣಿಗೆ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು, ಕ್ಲಿಪ್ಪು ತುಂಬಿದ ಡಬ್ಬಿಯನ್ನು ತುಸು ಹೊತ್ತು ನೋಡಿದರು. ಹಳೆಯ ನೆಂಟರೊಬ್ಬರನ್ನು ರೈಲು ಹತ್ತಿಸಿ ಬಂದವರ ಮುಖ ಹಾಗಿರುತ್ತದೆ.

ಲೇಬಲಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಹೊಸದಾಗಿ ವ್ರತ ಹಿಡಿದವನಿಗೆ ಉಪದೇಶದ ಚಪಲ ಜಾಸ್ತಿ. ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ಹಿಡಿದು, "ಉಪ್ಪಿಲ್ಲದೆ ತಿಂದು ನೋಡಿ. ಆಗ ತರಕಾರಿ ತನ್ನ ನಿಜವಾದ ಮುಖ ತೋರಿಸುತ್ತೆ" ಎನ್ನುತ್ತಿದ್ದ. ಟೈಲರ್ ಅಕ್ಕ ತಾನೂ ಉಪ್ಪು ಬಿಟ್ಟೆ ಎಂದರು. ಫೈರ್ ಸಾಹೇಬರು ತಾವು ಅವರಿಗಿಂತ ಒಂದು ದಿನ ಮೊದಲೇ ಬಿಟ್ಟದ್ದಾಗಿ ಹೇಳಿದರು.

ವಾರ ತುಂಬುವುದರೊಳಗೆ ಲೇಬಲಪ್ಪ ಬೇಯಿಸಿದ ಕ್ಯಾರೆಟ್ಟಿನ ನಿಜವಾದ ಮುಖವನ್ನು ಸಾಕುಸಾಕೆನಿಸುವಷ್ಟು ನೋಡಿಯಾಗಿತ್ತು. ಒಂದು ಸಂಜೆ ಕೆಲಸದಿಂದ ಬರುವಾಗ, ಯಾವುದೋ ಕಳ್ಳಸಾಮಾನು ಕೊಳ್ಳುವವನ ಹಾಗೆ ಹಿಂದೆ ಮುಂದೆ ನೋಡಿ ಒಂದು ಪೊಟ್ಟಣ ಉಪ್ಪು ಕೊಂಡ. ಅದನ್ನು ಬಾಟಲಿಗೆ ಸುರಿದು ಚಪ್ಪಲಿ ಗೂಡಿನ ಹಿಂದೆ ಬಚ್ಚಿಟ್ಟ.

ಈಗ ಅವನ ವೃತ್ತಿಧರ್ಮ ಎಚ್ಚರಗೊಂಡಿತು. ಲೇಬಲ್ ಇಲ್ಲದ ಬಾಟಲಿ ಅವನ ಕಣ್ಣಿಗೆ ಬಟ್ಟೆಯಿಲ್ಲದ ಮನುಷ್ಯನಿದ್ದಂತೆ. ಉಪ್ಪು ಎಂದು ಬರೆದರೆ ಸಿಕ್ಕಿಬೀಳುತ್ತಾನೆ. ಬೇರೇನಾದರೂ ಬರೆದರೆ ಸುಳ್ಳಾಗುತ್ತದೆ. ಆದರೆ ನಿಜವನ್ನೇ ಯಾರಿಗೂ ಅರ್ಥವಾಗದ ಹಾಗೆ ಹೇಳುವ ಒಂದು ದಾರಿ ಉಂಟು. ಅವನಿಗೆ ಸಂಬಳ ಬರುತ್ತಿದ್ದದ್ದೇ ಆ ದಾರಿಯಿಂದ. ದುಂಡಗಿನ ಅಕ್ಷರದಲ್ಲಿ 'ಸೋಡಿಯಂ ಕ್ಲೋರೈಡ್' ಎಂದು ಬರೆದು ಅಂಟಿಸಿದ. ಕೆಳಗೆ ಜಾಗ ಖಾಲಿ ಉಳಿಯಿತು. ಖಾಲಿ ಜಾಗ ಬಿಡುವುದು ಅವನ ಜಾಯಮಾನವಲ್ಲ. ಮುದ್ರಣಾಲಯದಲ್ಲಿ ಮಿಕ್ಕಿದ್ದ ಕೆಂಪು ಚೀಟಿಯೊಂದು ಜೇಬಿನಲ್ಲಿತ್ತು. ಅದನ್ನೂ ಅಂಟಿಸಿದ: 'ಅಪಾಯ! ಮಕ್ಕಳ ಕೈಗೆ ಸಿಗದಂತೆ ಇಡಿ.' ಮನೆಯಲ್ಲಿ ಮಕ್ಕಳಿರಲಿಲ್ಲ. ಆದರೂ ಬಾಟಲಿ ಈಗ ಲಕ್ಷಣವಾಗಿ ಕಂಡಿತು.

*

ರಜೆಯ ದಿನ ಬೆಳಿಗ್ಗೆ ಲೇಬಲಪ್ಪ ಕ್ಷೌರಕ್ಕೆ ಹೋಗಿದ್ದ. ಅವನ ಹೆಂಡತಿ ಸುತ್ತಿಗೆ ಹುಡುಕುತ್ತ ಚಪ್ಪಲಿ ಗೂಡನ್ನು ಎಳೆದಳು. ಬಾಟಲಿ ಸಿಕ್ಕಿತು. ಅರ್ಧ ಖಾಲಿಯಾದ ಬಾಟಲಿ, ಒಳಗೊಂದು ಚಮಚ. ಆ ಚಮಚ ತನ್ನ ಮನೆಯದೇ ಎಂದು ಗುರುತಾದಾಗ ಅವಳು ಲೇಬಲನ್ನು ಎರಡೆರಡು ಸಲ ಓದಿದಳು.

ಅವಳು ಓದು ಮುಗಿಸಿ ಬಹಳ ವರ್ಷವಾಗಿತ್ತು. ರಸಾಯನಶಾಸ್ತ್ರದಲ್ಲಿ ಅವಳಿಗೆ ನೆನಪಿದ್ದದ್ದು ಮೇಷ್ಟರ ಕನ್ನಡಕ ಮಾತ್ರ. ಆದರೆ ಗಂಡನ ಮಾತುಗಳು ಚೆನ್ನಾಗಿ ನೆನಪಿದ್ದವು. ಮೊನ್ನೆ ಊಟ ಮಾಡುತ್ತ ತಟ್ಟೆಯನ್ನೇ ದಿಟ್ಟಿಸಿ, "ಬಾಳೇ ಸಪ್ಪೆ ಅನ್ನಿಸ್ತಿದೆ ಕಣೇ" ಎಂದಿದ್ದ. ರಾತ್ರಿ ಎದ್ದು ಓಡಾಡುತ್ತಿದ್ದ. ಕೇಳಿದರೆ ನೀರು ಎನ್ನುತ್ತಿದ್ದ.

ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ಎದುರು ಮನೆಗೆ ಓಡಿದಳು. ಟೈಲರ್ ಅಕ್ಕ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿಗೆ ಅಂಚು ಹಿಡಿಯುತ್ತಿದ್ದರು.

"ಅಕ್ಕಾ, ಸೋಡಿಯಂ ಕ್ಲೋರೈಡ್ ಅಂದ್ರೇನು?"

"ಮ್ಮ್?"

"ಇವರು ಬಚ್ಚಿಟ್ಕೊಂಡು ತಿಂತಿದಾರೆ. ಅಪಾಯ ಅಂತ ಬರೆದಿದೆ ನೋಡಿ."

ಟೈಲರ್ ಅಕ್ಕ ಸೂಜಿಗಳನ್ನೆಲ್ಲ ಬಾಯಿಂದ ತೆಗೆದರು. ಹಾಗೆ ಅವರು ಪೂರ್ತಿ ಬಾಯಿ ಖಾಲಿ ಮಾಡುವುದು ತೀರ ದೊಡ್ಡ ಸುದ್ದಿಗೆ ಮಾತ್ರ.

"ಕ್ಲೋರೈಡೋ, ಸೈನೈಡೋ? ಸರಿಯಾಗಿ ಓದಿದ್ಯಾ?"

"ಕ್ಲೋರೈಡ್ ಅಂತಲೇ ಇದೆ."

"ಏನೋ ಒಂದು. ಎರಡೂ ಒಂದೇ ವಂಶದ್ದು, ಕೊನೇಲಿ 'ಐಡ್' ಇದೆ ನೋಡು. ಫೈರ್ ಸಾಹೇಬ್ರನ್ನ ಕೇಳೋಣ ಬಾ."

ಫೈರ್ ಸಾಹೇಬರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಅಂದರೆ ದಳವು ಅವರನ್ನು ಬಿಟ್ಟಿತ್ತು, ಅವರು ದಳವನ್ನು ಬಿಟ್ಟಿರಲಿಲ್ಲ. ಕಟ್ಟಡದ ಪ್ರತಿ ಮಹಡಿಯಲ್ಲೂ ಅವರೇ ಕೆಂಪು ಬಣ್ಣ ಬಳಿದ ಮರಳಿನ ಬಕೆಟ್ಟು ತೂಗುತ್ತಿತ್ತು. ಕೊರಳಲ್ಲಿ ಸೀಟಿ ಇರುತ್ತಿತ್ತು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬಹಳ ನಿಧಾನವಾಗಿ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದರು.

"ನೋಡಮ್ಮ, ಸೋಡಿಯಂ ಅನ್ನೋದು ನೀರು ಸೋಕಿದ್ರೆ ಹತ್ತಿ ಉರಿಯೋ ಲೋಹ. ನಮಗೆ ತರಬೇತೀಲಿ ತೋರಿಸಿದಾರೆ, ಬಕೆಟ್ಟೇ ಹಾರಿಹೋಗಿತ್ತು. ಇನ್ನು ಕ್ಲೋರಿನ್ ಅಂದ್ರೆ ಯುದ್ಧದಲ್ಲಿ ಸೈನಿಕರನ್ನ ಕೊಲ್ಲೋಕೆ ಬಿಟ್ಟ ವಿಷದ ಗಾಳಿ. ಒಂದೊಂದೇ ಇಷ್ಟು ಕೆಟ್ಟದ್ದು. ಎರಡೂ ಸೇರಿದ್ರೆ ಹೇಗಿರುತ್ತೆ, ನೀವೇ ಯೋಚನೆ ಮಾಡಿ."

ಇಬ್ಬರು ಹೆಂಗಸರೂ ಯೋಚನೆ ಮಾಡಿದರು. ಸಾಹೇಬರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೂಡಿಸುವಾಗ ಮಾತ್ರ ಲೆಕ್ಕ ಎಡವಿತ್ತು. ಇಬ್ಬರು ಜಗಳಗಂಟರಿಗೆ ಮದುವೆ ಮಾಡಿದರೆ ಒಮ್ಮೊಮ್ಮೆ ಸಾಧು ಸಂಸಾರವೇ ಆಗುತ್ತದೆ ಎಂಬುದು ಮದುವೆಯಾಗದ ಸಾಹೇಬರಿಗೆ ಹೇಗೆ ತಿಳಿಯಬೇಕು?

*

ಲೇಬಲಪ್ಪ ಕತ್ತು ತುರಿಸಿಕೊಳ್ಳುತ್ತ ಬಾಗಿಲು ತಳ್ಳಿದಾಗ ಮನೆಯಲ್ಲಿ ಸಭೆ ಸೇರಿತ್ತು. ಹೆಂಡತಿಯ ಕಣ್ಣು ಕೆಂಪಗಾಗಿತ್ತು. ಮೇಜಿನ ನಡುವೆ ಬಾಟಲಿ ಇತ್ತು. ಅತ್ತೆ ಮಾತ್ರ ಮೂಲೆಯಲ್ಲಿ ಕೂತು ತಮ್ಮಷ್ಟಕ್ಕೆ ಹೆಣೆಯುತ್ತಿದ್ದರು.

ಸಿಕ್ಕಿಬಿದ್ದೆ ಎಂದುಕೊಂಡ ಲೇಬಲಪ್ಪ. ಕುರ್ಚಿ ಎಳೆದು ಧೊಪ್ಪನೆ ಕೂತ.

"ನಿಧಾನ! ಅಲುಗಾಡಿಸಬೇಡಿ!" ಎಂದು ಫೈರ್ ಸಾಹೇಬರು ಕೂಗಿದರು.

"ತಪ್ಪಾಯ್ತು ಕಣೇ," ಎಂದ ಲೇಬಲಪ್ಪ ಹೆಂಡತಿಗೆ. "ತಡ್ಕೊಳ್ಳೋಕಾಗ್ಲಿಲ್ಲ."

"ನನ್ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?" ಅವಳು ಬಿಕ್ಕಿದಳು. "ಎಷ್ಟು ದಿನದಿಂದ?"

"ಒಂದೇ ಸಲ ಏನಲ್ಲ. ದಿನಾ ಸ್ವಲ್ಪ ಸ್ವಲ್ಪ."

"ದಿನಾ ಸ್ವಲ್ಪ ಸ್ವಲ್ಪ!" ಟೈಲರ್ ಅಕ್ಕ ಎದೆ ಒತ್ತಿಕೊಂಡರು. "ಅದೇ ಇನ್ನೂ ಕೆಟ್ಟದ್ದು. ಒಳಗೊಳಗೇ ಕೆಲಸ ಮಾಡುತ್ತೆ."

"ಬರೀ ಅದನ್ನೇ ತಿಂತಿದ್ರಾ?" ಎಂದರು ಫೈರ್ ಸಾಹೇಬರು.

"ಸೌತೆಕಾಯಿ ಜೊತೆ."

ಹೆಂಡತಿ ಅಳು ನಿಲ್ಲಿಸಿದಳು. "ನಾನು ತಂದ ಸೌತೆಕಾಯಿ ಜೊತೆನಾ?"

"ಬೇರೆ ಯಾರು ತರ್ತಾರೆ?"

"ಅಯ್ಯೋ, ಸಾಯೋಕೂ ನನ್ ಕೈಯಿಂದ್ಲೇ ತರಿಸ್ಕೊಂಡ್ರಲ್ರೀ!"

ಸಾಯೋಕೆ? ಲೇಬಲಪ್ಪ ತಲೆಯೆತ್ತಿದ. ಒಬ್ಬೊಬ್ಬರ ಮುಖವನ್ನೂ ಕರಡು ತಿದ್ದುವವನ ಕಣ್ಣಿನಿಂದ ಓದಿದ. ಅಲ್ಲಿ ಕೋಪದ ಒಂದು ಅಕ್ಷರವೂ ಇರಲಿಲ್ಲ. ಇದ್ದದ್ದು ಕರುಣೆ, ಭಯ, ಜೊತೆಗೆ ಟೈಲರ್ ಅಕ್ಕನ ಮುಖದಲ್ಲಿ ಸ್ವಲ್ಪ ಸಂಭ್ರಮ. ಇವರಿಗೆ ಅದು ಉಪ್ಪೆಂದು ಗೊತ್ತೇ ಇಲ್ಲ!

ಈಗ ಅವನ ಮುಂದೆ ಎರಡು ದಾರಿಗಳಿದ್ದವು. 'ಅದು ಬರೀ ಉಪ್ಪು' ಎಂದರೆ ಒಂದೇ ಮಾತಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಹೆಂಡತಿಯ ಮುಖ ನೋಡಿದ. ತನಗಾಗಿ ಇಷ್ಟು ದಿನ ಸಪ್ಪೆ ಕ್ಯಾರೆಟ್ಟನ್ನು ಜಗಿದು 'ಚೆನ್ನಾಗಿದೆ' ಎಂದವಳು ಅವಳು. ತಾನು ಕತ್ತಲಲ್ಲಿ ಕೂತು ಒಬ್ಬನೇ ಉಪ್ಪು ನೆಕ್ಕುತ್ತಿದ್ದೆ ಎಂದು ಆ ಮುಖಕ್ಕೆ ಹೇಳುವುದೇ? ವಿಷ ತಿಂದವನನ್ನು ಹೆಂಡತಿ ಕ್ಷಮಿಸಿಯಾಳು. ಉಪ್ಪು ಕದ್ದು ತಿಂದವನನ್ನು ಕ್ಷಮಿಸುವುದು ಕಷ್ಟ. ಅವನು ತಲೆ ತಗ್ಗಿಸಿ ಸುಮ್ಮನಾದ. ಲೋಕದಲ್ಲಿ ಎಷ್ಟೋ ದೊಡ್ಡ ಅನಾಹುತಗಳು ಹೀಗೆ ಸುಮ್ಮನಾದವರಿಂದಲೇ ಶುರುವಾಗುತ್ತವೆ.

ಹೆಂಡತಿ ಡಾಕ್ಟರಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದಳು.

"ಡಾಕ್ಟ್ರೇ, ನಮ್ಮನೆಯವರು ಸೋಡಿಯಂ ಕ್ಲೋರೈಡ್ ತಿಂದುಬಿಟ್ಟಿದಾರೆ!"

"ತಿಂದುಬಿಟ್ರಾ? ಎಷ್ಟು ಸಲ ಹೇಳ್ಲಮ್ಮ?" ಡಾಕ್ಟರ ಹಿಂದೆ ಕಾಯಿಲೆಯವರ ಗದ್ದಲ ಕೇಳುತ್ತಿತ್ತು. "ಸೋಡಿಯಂ ಅವರ ಪಾಲಿಗೆ ವಿಷ ಇದ್ದ ಹಾಗೆ!"

"ವಿಷ!" ಎಂದರು ಟೈಲರ್ ಅಕ್ಕ.

"ಅರ್ಧ ಬಾಟಲಿ ಖಾಲಿಯಾಗಿದೆ ಡಾಕ್ಟ್ರೇ!"

"ಬಾಟಲಿಗಟ್ಟಲೆ ತಿಂತಾರಾ? ಒಳ್ಳೇ ಮನುಷ್ಯ! ಇವತ್ತು ಚೆನ್ನಾಗಿ ನೀರು ಕುಡಿಸಿ. ನಾಳೆ ಕರ್ಕೊಂಡು ಬನ್ನಿ, ನಾನೇ ಬೈತೀನಿ."

ಫೋನು ಕಟ್ಟಾಯಿತು.

"ನಾಳೆ ಬೈತಾರಂತೆ," ಎಂದಳು ಹೆಂಡತಿ ದಿಕ್ಕುತೋಚದೆ. "ನಾಳೆವರೆಗೆ..."

"ನೀರು ಕುಡಿಸಿ ಅಂದ್ರಲ್ಲ, ಮೊದ್ಲು ನೀರು ತಾ," ಎಂದರು ಟೈಲರ್ ಅಕ್ಕ.

ಪೀ ಎಂದು ಸೀಟಿ ಕೂಗಿತು. "ನೀರಾ? ಒಳಗೆ ಸೋಡಿಯಂ ಇಟ್ಕೊಂಡ ಮನುಷ್ಯನಿಗೆ ನೀರಾ?" ಫೈರ್ ಸಾಹೇಬರು ಎರಡೂ ಕೈ ಚಾಚಿ ಲೇಬಲಪ್ಪನಿಗೆ ಅಡ್ಡ ನಿಂತರು. "ಡಾಕ್ಟ್ರಿಗೆ ಒಬ್ಬ ರೋಗಿಯ ಚಿಂತೆ, ನನಗೆ ಇಡೀ ಕಟ್ಟಡದ ಚಿಂತೆ! ಒಂದು ತೊಟ್ಟು ಒಳಗೆ ಹೋದ್ರೂ ಈ ಗೋಡೆ ಇರಲ್ಲ."

ಅವರು ಹೊರಗಿನಿಂದ ಮರಳಿನ ಬಕೆಟ್ಟನ್ನು ತಂದು ಲೇಬಲಪ್ಪನ ಕಾಲ ಬುಡದಲ್ಲಿಟ್ಟರು. "ಬಾಯಿಂದ ಹೊಗೆ ಬಂದ್ರೆ ಹೇಳಿ" ಎಂದರು.

"ಬಾಯಿಗೆ ಮರಳು ಸುರೀತೀರಾ?" ಎಂದು ಕೇಳಿದ ಲೇಬಲಪ್ಪ.

"ಇಲಾಖೆ ನಿಯಮ."

"ಹಂಗಾದ್ರೆ ವಾಂತಿ ಮಾಡ್ಸೋಣ," ಎಂದರು ಟೈಲರ್ ಅಕ್ಕ. "ಉಪ್ಪು ನೀರು ಕುಡಿಸಿದ್ರೆ ಎಲ್ಲಾ ಹೊರಗೆ ಬರುತ್ತೆ."

"ಅದರಲ್ಲೂ ನೀರಿದೆ!"

"ಉಪ್ಪೂ ಇದೆಯಲ್ಲ ಸಾಹೇಬ್ರೇ, ವಿಷಕ್ಕೆ ಉಪ್ಪೇ ಮದ್ದು!"

ಲೇಬಲಪ್ಪನ ಗಂಟಲಿನಿಂದ ವಿಚಿತ್ರವಾದ ಸದ್ದು ಹೊರಟಿತು. ಎಲ್ಲರೂ ಹೊಗೆಗಾಗಿ ನೋಡಿದರು.

"ನಮ್ಮನೇಲಿ ಉಪ್ಪೆಲ್ಲಿದೆ ಅಕ್ಕಾ?" ಹೆಂಡತಿ ಮತ್ತೆ ಅತ್ತಳು. "ಎಲ್ಲಾ ಚೆಲ್ಲಿಬಿಟ್ಟೆ. ನಿಮ್ಮನೇಲಿ?"

"ನಾನೂ ಬಿಟ್ಟಿದೀನಲ್ಲಮ್ಮ..." ಟೈಲರ್ ಅಕ್ಕ ಕಿಟಕಿಯ ಕಡೆ ನೋಡಿದರು. "ಇರು, ಬಂದೆ." ಹೋದಷ್ಟೇ ಬೇಗ ಗುಂಡಿ ಇಡುವ ಡಬ್ಬಿಯೊಂದನ್ನು ಹಿಡಿದು ಬಂದರು. ಡಬ್ಬಿಯ ತುಂಬ ಉಪ್ಪು. "ಹೊಸ ಬಟ್ಟೆ ಬಣ್ಣ ಬಿಡಬಾರ್ದು ಅಂತ ನೆನೆಹಾಕೋಕೆ ಇಟ್ಟಿದ್ದು. ತಿನ್ನೋಕಲ್ಲ."

"ಹಾಗೆ ನೋಡಿದ್ರೆ ನನ್ ಹತ್ರಾನೂ ಇದೆ," ಎಂದರು ಫೈರ್ ಸಾಹೇಬರು ಕೆಮ್ಮಿ. "ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದ್ರೆ ಮೇಲೆ ಸುರಿಯೋಕೆ. ಅದೂ ತಿನ್ನೋಕಲ್ಲ."

ಗುಂಡಿ ಡಬ್ಬಿಯೊಳಗೊಂದು ಬೇಯಿಸಿದ ಮೊಟ್ಟೆಯ ಚೂರು ಅಂಟಿತ್ತು. ಅದನ್ನು ಯಾರೂ ನೋಡದ ಹಾಗೆ ಟೈಲರ್ ಅಕ್ಕ ಹೆಬ್ಬೆರಳಿನಿಂದ ಮುಚ್ಚಿಕೊಂಡರು. ಲೇಬಲಪ್ಪ ನೋಡಿದ. ಆದರೆ ವಿಷ ತಿಂದವನಿಗೆ ಇನ್ನೊಬ್ಬರ ಮೊಟ್ಟೆಯ ಬಗ್ಗೆ ಮಾತಾಡುವ ಹಕ್ಕೆಲ್ಲಿ?

ಒಂದು ಲೋಟ ಉಪ್ಪು ನೀರು ಅವನ ತುಟಿಯ ಹತ್ತಿರ ಬಂತು. ಉಪ್ಪು ತಿಂದ ತಪ್ಪಿಗೆ ಉಪ್ಪೇ ಶಿಕ್ಷೆ! ಇನ್ನು ತಡೆಯಲಾರೆ, ಹೇಳಿಯೇಬಿಡುತ್ತೇನೆ ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಲ್ಲಿ ಕಡ್ಡಿಗಳ ಸದ್ದು ನಿಂತಿತು.

ಟಕ್.

ಅತ್ತೆ ಮೇಜಿನ ಬಳಿ ನಿಂತಿದ್ದರು. ಬಾಟಲಿಯ ಮುಚ್ಚಳ ಅವರ ಕೈಯಲ್ಲಿತ್ತು. ಯಾರಾದರೂ ತಡೆಯುವ ಮೊದಲೇ ಅವರು ತೋರುಬೆರಳನ್ನು ಒದ್ದೆಮಾಡಿ ಬಾಟಲಿಯೊಳಗೆ ಅದ್ದಿ ನಾಲಿಗೆಯ ಮೇಲಿಟ್ಟುಕೊಂಡರು.

"ಅಮ್ಮಾ!" ಎಂದು ಮಗಳು ಚೀರಿದಳು. ಸೀಟಿ ಊದಲು ಹೋಗಿ ಸಾಹೇಬರಿಗೆ ಉಸಿರೇ ಬರಲಿಲ್ಲ.

ಅತ್ತೆ ಕಣ್ಣು ಮುಚ್ಚಿದರು. ಅವರ ಹಣೆಯ ಸುಕ್ಕುಗಳು ಒಂದೊಂದಾಗಿ ಬಿಚ್ಚಿಕೊಂಡವು. ರೈಲು ಹತ್ತಿಸಿದ ನೆಂಟರು ತಿರುಗಿ ಬಂದು ಬಾಗಿಲಲ್ಲಿ ನಿಂತರೆ ಹೇಗಿರುತ್ತದೋ, ಹಾಗೆ.

"ಹೂಂ," ಎಂದರು ಕೊನೆಗೆ. "ಕೆಟ್ಟ ವಸ್ತು." ಬೆರಳನ್ನು ಮತ್ತೊಮ್ಮೆ ಅದ್ದಿದರು. "ಖಾತ್ರಿ ಮಾಡ್ಕೋಬೇಕಲ್ಲ. ಹೂಂ. ಬಹಳ ಕೆಟ್ಟ ವಸ್ತು."

"ಅಮ್ಮಾ, ಉಗುಳಮ್ಮಾ!"

"ಗಾಬರಿ ಬೇಡ. ಹಳೇ ಸರಕು, ಕಸುವು ಹೋಗಿದೆ. ಯಾರಿಗೂ ಏನೂ ಆಗಲ್ಲ." ಅವರು ಮುಚ್ಚಳ ಬಿಗಿದು ಬಾಟಲಿಯನ್ನು ತಮ್ಮ ಹೆಣಿಗೆ ಚೀಲದೊಳಗೆ, ಉಲ್ಲನ್ನಿನ ಉಂಡೆಗಳ ಕೆಳಗೆ ಇಳಿಸಿದರು. "ಇದನ್ನ ನಾನೇ ವಿಲೇವಾರಿ ಮಾಡ್ತೀನಿ. ಸ್ವಲ್ಪ ಸ್ವಲ್ಪವಾಗಿ." ಆಮೇಲೆ ಮಗಳ ಕೈಯಿಂದ ಉಪ್ಪು ನೀರಿನ ಲೋಟವನ್ನು ತೆಗೆದು ಬದಿಗಿಟ್ಟು, ತಣ್ಣೀರಿನ ದೊಡ್ಡ ಹೂಜಿಯನ್ನು ಎತ್ತಿ ಅಳಿಯನ ಮುಂದೆ ಹಿಡಿದರು.

"ಸಾಹೇಬ್ರೇ, ಸ್ವಲ್ಪ ಸರೀರಿ. ಅಳಿಯಂದಿರೇ, ಕುಡೀರಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

ಲೇಬಲಪ್ಪನ ಕೂದಲು, ಹೊಸದಾಗಿ ಕತ್ತರಿಸಿದಷ್ಟೂ, ನೆಟ್ಟಗೆ ನಿಂತಿತು.

"ಗಾದೆ ಹೇಳೋ ಹೊತ್ತೇನಮ್ಮ ಇದು?" ಎಂದಳು ಮಗಳು.

"ಇದೇ ಹೊತ್ತು," ಎಂದರು ಅತ್ತೆ, ಅಳಿಯನ ಕಣ್ಣನ್ನೇ ನೋಡುತ್ತ.

ಅವನು ಕುಡಿದ. ಹೂಜಿ ಬರಿದಾಯಿತು, ಮತ್ತೆ ತುಂಬಿ ಬಂತು, ಮತ್ತೆ ಕುಡಿದ. ಫೈರ್ ಸಾಹೇಬರು ಸೋಫಾದ ಹಿಂದೆ ಕುಕ್ಕರಿಸಿ ಕಿವಿ ಮುಚ್ಚಿಕೊಂಡರು. ಲೇಬಲಪ್ಪ ಉದ್ದಕ್ಕೆ ಒಂದು ತೇಗು ತೇಗಿದಾಗ ಅವರು, "ಮಲಗಿ! ಎಲ್ಲರೂ ನೆಲಕ್ಕೆ ಮಲಗಿ!" ಎಂದು ಕೂಗಿ ತಾವೊಬ್ಬರೇ ಮಲಗಿದರು. ಗೋಡೆ ಇದ್ದಲ್ಲೇ ಇತ್ತು.

*

ನೆರೆಯವರು ಹೋದ ಮೇಲೆ ಹೆಂಡತಿ ಅವನ ಪಕ್ಕದಲ್ಲಿ ಕೂತಳು.

"ಬಾಳು ಸಪ್ಪೆ ಅಂದ್ರಲ್ಲ, ನನ್ನಿಂದಾನಾ?"

"ಛೇ! ಕ್ಯಾರೆಟ್ಟಿಂದ ಕಣೇ," ಎಂದುಬಿಟ್ಟ ಲೇಬಲಪ್ಪ. ಇಡೀ ದಿನದಲ್ಲಿ ಅವನು ಯೋಚಿಸದೆ ಆಡಿದ ಮಾತು ಅದೊಂದೇ.

ಅವಳು ಅವನನ್ನು ನೋಡಿದಳು. ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. "ಡಾಕ್ಟ್ರ ಚೀಟೀಲಿ ಕಡಿಮೆ ಮಾಡಿ ಅಂತಷ್ಟೇ ಇತ್ತು. ಬೇಡ್ವೇ ಬೇಡ ಅಂದೋರು ನೀವೇ ತಾನೇ? ಬಾಯ್ಬಿಟ್ಟು ಹೇಳಿದ್ರೆ ಒಂದು ಚಿಟಿಕೆ ಹಾಕ್ತಿರ್ಲಿಲ್ವಾ? ಅದಕ್ಕೆ ಯಾರಾದ್ರೂ ವಿಷ ತಿಂತಾರಾ?"

"ಇಲ್ಲ," ಎಂದ ಲೇಬಲಪ್ಪ. "ಇನ್ಯಾವತ್ತೂ ತಿನ್ನಲ್ಲ."

ಡಬ್ಬಿಯಿಂದ ಕ್ಲಿಪ್ಪುಗಳು ಹೊರಬಂದವು. ಅಂದಿನಿಂದ ಅಡುಗೆಗೆ ಒಂದು ಚಿಟಿಕೆ ಉಪ್ಪು ಬಿತ್ತು. ಒಂದೇ ಚಿಟಿಕೆ. ಕ್ಯಾರೆಟ್ಟಿನ ಮುಖದಲ್ಲಿ ತುಸು ಕಳೆ ಬಂತು, ಅಷ್ಟೇ.

ಮಾರನೆಯ ದಿನ ಡಾಕ್ಟರ ಹತ್ತಿರ ಉಪಾಯವಾಗಿ ಒಬ್ಬನೇ ಹೋಗಿ ಬೈಸಿಕೊಂಡು ಬಂದ ಲೇಬಲಪ್ಪ ಊಟಕ್ಕೆ ಕೂತ. ಹೆಂಡತಿ ಸಾರಿನ ಪಾತ್ರೆ ತರಲು ಒಳಗೆ ಹೋಗಿದ್ದಳು. ಮೇಜಿನ ಕೆಳಗೆ ಎಲ್ಲೋ ಸಣ್ಣದೊಂದು ಸದ್ದಾಯಿತು.

ಟಕ್.

ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ. ಅವರ ಕೈ ಮಾತ್ರ ಹೆಣಿಗೆ ಚೀಲದಿಂದ ಮೇಲೆ ಬಂದು, ತಟ್ಟೆಯ ಮೇಲೆ ಒಮ್ಮೆ ಆಡಿ, ಮತ್ತೆ ಕೆಳಗೆ ಹೋಯಿತು.

"ಏನದು ಸದ್ದು?" ಎಂದಳು ಹೆಂಡತಿ ಅಡುಗೆಮನೆಯಿಂದ.

ಲೇಬಲಪ್ಪ ಬಾಯಿ ತೆರೆದ. ಹೂಜಿಗಟ್ಟಲೆ ಕುಡಿದ ನೀರಿನ ಸೇಡು ತೀರಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಆಗ ಅತ್ತೆ ತಮ್ಮ ತಟ್ಟೆಯಿಂದ ಸೌತೆಕಾಯಿಯ ಹೋಳೊಂದನ್ನು ಆರಿಸಿ, ಸದ್ದಿಲ್ಲದೆ ಅವನ ತಟ್ಟೆಗೆ ದಾಟಿಸಿದರು.

ಅವನು ಅದನ್ನು ಬಾಯಿಗೆ ಹಾಕಿಕೊಂಡ. ಒಮ್ಮೆ ಜಗಿದು ಕಣ್ಣು ಮುಚ್ಚಿದ.

"ಏನಿಲ್ಲ ಕಣೇ," ಎಂದ ಮೆಲ್ಲಗೆ. "ಅತ್ತೆಯ ಹೆಣಿಗೆ ಕಡ್ಡಿ."

ಆ ಬಾಟಲಿಯ ವಿಷಯವನ್ನು ಇನ್ನು ಯಾರ ಮುಂದೆಯೂ ಎತ್ತಬಾರದು ಎಂದು ಅವನು ಆಗಲೇ ನಿಶ್ಚಯಿಸಿಬಿಟ್ಟಿದ್ದ. ಎಷ್ಟಾದರೂ, ಈಗ ಅವನು ಅತ್ತೆಯ ಉಪ್ಪು ತಿಂದವನು.